ಎರಡನೇ ಗಾಜಿನ ಗಿಣಿ

ಹೋದ ವಾರ ಧಾರವಾಡದಾಗ ನನ್ನ ಮೊಮ್ಮಗಳು ನಾಟಕದಾಗ ನಾಯಕಿ ಪಾರ್ಟು ಮಾಡಿದ್ಲು. ನವನಗರದಿಂದ ಮನಿಮಂದಿ ಎಲ್ಲಾ ಹೋಗಿದ್ದಿವಿ. ನಾನು ಮುಂದಿನ ಸಾಲಿನ್ಯಾಗ ಕುಂತಿದ್ದೆ, ಇಳಕಲ್ ಸೀರಿ ಉಟಗೊಂಡು, ನನ್ನದ ಲಗ್ನ ಅನ್ನೂವರಂಗ. ಪರದೆ ಏಳೂಕಿಂತ ಮೊದಲ ಮೈಕಿನ್ಯಾಗ ಆಕಿ ಹೆಸರು ಹೇಳಿದ್ರು. ಆಕೀದು, ಆಕಿ ಅಪ್ಪಂದು, ನಮ್ಮ ಮನಿತನದ ಅಡ್ಡಹೆಸರು, ಎಲ್ಲಾ ಕೂಡೆ. ನಾ ತಡೀಲಿಲ್ಲ ನೋಡ್ರಿ. ಎದ್ದು ನಿಂತು ಚಪ್ಪಾಳಿ ಹೊಡದೆ. ಬಾಜೂಕಿನ ಹುಡುಗ, "ಅಜ್ಜಿ, ನಾಟಕ ಇನ್ನೂ ಸುರು ಆಗಿಲ್ರಿ" ಅಂದ. "ನನಗ ಆತಪಾ ಸುರು" ಅಂದೆ.

ಹಿಂಗ ಖುಷಿ ಉಕ್ಕಿ ಬಂದಾಗನ ಒಬ್ಬಾಕಿ ನೆನಪಾದ್ಲು, ಕಣ್ಣಾಗ ನೀರು ಬಂತು. ಯಾಕ ಅಂತ ಮನ್ಯಾಗ ಎಲ್ಲಾರೂ ಕೇಳಿದ್ರು. ಬಾಯಿಲೆ ಹೇಳಾಕ ಹೋದ್ರ ಮಾತು ಅರ್ಧಕ್ಕ ನಿಂದರತೈತಿ, ಅದಕ್ಕ ಬರ್ಯಾಕತ್ತೇನಿ. ನಾ ಸಾಲಿ ಕಲತದ್ದು ಮೂರನೇ ಇಯತ್ತೆ. ತಪ್ಪು ಇದ್ರ ಮೊಮ್ಮಗಳು ತಿದ್ದತೇನಿ ಅಂದಾಳ. ಅಕ್ಷರ ತಿದ್ದು, ಮಾತು ತಿದ್ದಬ್ಯಾಡ ಅಂದೇನಿ.

ಆ ನೆನಪಾದಾಕಿ ತೀರಿಹೋಗಿ ಬಾಳ ವರ್ಷ ಆತು. ಆಕಿ ಖರೇ ಹೆಸರು ನನಗ ಗೊತ್ತೈತಿ, ಆದ್ರ ಬರಿಯೂದಿಲ್ಲ. ಯಾಕಂತ ಮುಂದ ತಿಳಿತೈತಿ. ನಾನು ಅಕ್ಕಾ ಅಂತಿದ್ದೆ, ಇಲ್ಲೂ ಹಂಗ ಅಂತೇನಿ.

ನಾ ಲಗ್ನಾ ಆಗಿ ಹುಬ್ಬಳ್ಳಿಗೆ ಬಂದದ್ದು ನಮ್ಮ ರಾಜ್ಯ ಒಂದಾದ ಮ್ಯಾಲ ಒಂದೆರಡು ವರ್ಷಕ್ಕ. ನಮ್ಮ ಮನಿಯವರು ಹತ್ತಿ ಮಾರೂ ಅಡತಿ ಅಂಗಡ್ಯಾಗ ಕೆಲಸಕ್ಕಿದ್ರು. ಮನಿ ಮುಂದಿನ ಒಂದು ಖೋಲಿ ಬಾಡಿಗಿಗೆ ಇತ್ತು. ಅದರಾಗ ಬಂದಾಕಿ ಅಕ್ಕ. ನಾಟಕ ಕಂಪನಿ ನಾಯಕಿ ಅಂತ ಕೇಳಿ ನಮ್ಮ ಅತ್ತಿ ಮದಲ ಮಾರಿ ಗಂಟ ಹಾಕಿದ್ರು. "ಅಲ್ಲ ಯವ್ವಾ, ನಿನ್ನ ಹೆಸರರ ಏನು?" ಅಂದ್ರು.

"ಗಾಜಿನ ಗಿಣಿ ರೀ ಅವ್ವಾರ."

"ಅಯ್ಯ ಶಿವನ! ಗಿಣಿಗೆ ತಿನ್ನಾಕ ಏನ್ ಹಾಕೂನು? ಮೆಣಸಿನಕಾಯಿ?"

"ಹಾಕ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಕಡ್ಲಿಹಿಟ್ಟಿನ್ಯಾಗ ಅದ್ದಿ ಕರದು ಹಾಕ್ರಿ."

ಅತ್ತಿ ನಕ್ಕರು. ಅತ್ತಿ ನಗೂದಂದ್ರ ಸಣ್ಣ ಮಾತಲ್ಲ. ಅವತ್ತ ಸಂಜೀಕ ಖರೇನ ಮಿರ್ಚಿ ಬಜಿ ಮಾಡಿ ಕೊಟ್ರು.

ಆ ಕಂಪನಿ ಮಾಲಕರಿಗೆ ಹೆಸರಿಡೂ ಹುಚ್ಚು. ನಗಿಸೂ ಪಾರ್ಟಿನವಗ 'ಬೆಲ್ಲದ ಬಾಂಬು' ಅಂತ ಇಟ್ಟಿದ್ರು. ಹಾರ್ಮೋನಿಯಂ ಪೇಟಿ ಬಾರಸಾಂವ 'ಹತ್ತ ಬೆರಳಿನ ಹುಲಿ'. ದುಷ್ಟ ಪಾರ್ಟು ಮಾಡಾಂವ 'ಕರೀ ಸಿಡಿಲು'. ಆ ಸಿಡಿಲು ನಮ್ಮ ಮನಿಗೆ ಬಂದ್ರ ಬಚ್ಚಲದಾಗಿನ ಜರಿಹುಳ ನೋಡಿ ಕಟ್ಟಿ ಏರಿ ನಿಂದರತಿತ್ತು. ಮಂದಿಗೆ ನಾಟಕದ ಕತಿ ಮರೀತಿತ್ತು, ಈ ಹೆಸರು ಮರೀತಿದ್ದಿಲ್ಲ. ದುರ್ಗದ ಬೈಲಿನ್ಯಾಗ ಕಾಯಿಪಲ್ಲೆ ಮಾರೂ ಹೆಂಗಸರು ಸುದ್ದಾ, "ಗಿಣಿ ಬಂದಾಳಂತ, ಹೋಗೂನು" ಅಂತಿದ್ರು.

ಖರೇ ಹೆಸರು ಯಾರೂ ಬೋರ್ಡಿಗೆ ಹಾಕತಿದ್ದಿಲ್ಲ. ಹಾಕಿದ್ರ ಊರಾಗಿನ ಮನಿಯವರು ಬಡಿಯಾಕ ಬರತಿದ್ರು. ಅಕ್ಕಂದೂ ಹಂಗ. ಹೊಲಮನಿ ಇದ್ದವರ ಮಗಳು. ಹಾಡಿನ ಹುಚ್ಚಿಗೆ ಮನಿ ಬಿಡೂ ಮುಂದ ಅವರಣ್ಣ ಆಕಿ ಕೈ ಅವ್ವನ ತಲೀ ಮ್ಯಾಲ ಇಡಿಸಿ ಆಣಿ ಮಾಡಿಸಿದ್ನಂತ: ಮನ್ಯಾಗ ಇಟ್ಟ ಹೆಸರು ಯಾವ ಬೋರ್ಡಿನ ಮ್ಯಾಲೂ ಬರಬಾರದು. ಆಕಿ ಕೈ ಇಟ್ಟಾಳ, ಹೊರಗ ಬಂದಾಳ. ಇದನ್ನ ನನಗ ಹೇಳೂ ಮುಂದ ಆಕಿ ಹುಣಸಿಹಣ್ಣಿನ ಬೀಜ ಬಿಡಸಾಕತ್ತಿದ್ಲು. ಕೈ ನಿಂದರಲಿಲ್ಲ.

ಎಂಥಾಕಿ ಇದ್ಲು ಅಂತೀರಿ! ಅಡಗಿಮನಿಗೆ ಬಂದ್ರೂ ಹೊಸ್ತಲದಾಗ ಒಂದ ಚೂರು ನಿಂತು ಬರೂದು, ಒಳಗ ಚಪ್ಪಾಳಿ ಹೊಡ್ಯಾಕ ಮಂದಿ ಕುಂತಾರ ಅನ್ನೂವರಂಗ. ರುಬ್ಬೂ ಒಳಕಲ್ಲಿನ ಮುಂದ ಕುಂತು ಅದನ್ನ ಮಹಾರಾಜ ಅಂತ ತಿಳಕೊಂಡು ಬೈಯೂದು, "ಎಲೋ ಕಲ್ಲೆದೆಯವನೆ!" ನಾ ನಗಾಕತ್ರ, "ತಂಗಿ, ನಗಬ್ಯಾಡ. ಕಂಪನ್ಯಾಗಿನ ಮಹಾರಾಜನೂ ಹಿಂಗ ಇರತಾನ, ಮಾತು ಮರತು ಕಲ್ಲಿನಂಗ ನಿಂದರತಾನ" ಅನ್ನಾಕಿ. ರಂಗದ ಮ್ಯಾಲ ಬಂದ ಕೂಡ್ಲೆ ಮೈ ಅಲ್ಲಾಡಿಸದ ಗೋಣಷ್ಟ ಹೊಳ್ಳಿಸಿ ಮಂದಿನ್ನ ನೋಡತಿದ್ಲು, ಗಿಣಿ ನೋಡಿದಂಗ. ಅದಕ್ಕ ಸೀಟಿ ಬೀಳತಿದ್ವು. ಆ ಗೋಣು ಹೊಳ್ಳಸೂದು ಯಾರ ಕಲಿಸಿದ್ರು ಅಂತ ಕೇಳಿದ್ರ, "ಹೆಸರು ಕಲಿಸ್ತು" ಅಂದ್ಲು. "ಅಂಥಾ ಹೆಸರು ಇಟ್ಟ ಮ್ಯಾಲ ಎತ್ತಿನಂಗ ನೋಡಾಕ ಬರತೈತೇನು?"

ಒಂದು ಮಳಿಗಾಲಕ್ಕ ಅಕ್ಕಗ ವಿಷಮಜ್ವರ ಬಂತು. ಕಂಪನಿ ಗದಗಿಗೆ ಮೊಕ್ಕಾಂ ಹೂಡಿತು, ಆಕಿ ನಮ್ಮಲ್ಲೇ ಉಳದ್ಲು. ಅತ್ತಿ ಗಂಜಿ ಕುಡಸೂದು, ನಾ ಹಣಿ ಮ್ಯಾಲ ತಣ್ಣೀರಿನ ಅರಬಿ ಹಾಕೂದು. ತಲಿಗೂದಲಾ ಉದುರಿ ಹ್ವಾದ್ವು. ಆದ್ರ ದನಿ ಉಳೀತು. ಜ್ವರ ಬಿಟ್ಟ ಮ್ಯಾಲ ಮದಲ ನೋಡಿದ್ದ ಅದು. ಸಣ್ಣಗ ಒಂದ ಹಾಡಿನ ತುಣುಕು ಹಾಡಿ, "ಐತಿ ತಂಗಿ, ಒಳಗ ಐತಿ" ಅಂತ ಅತ್ಲು.

ಒಂದಿನ ನಾವಿಬ್ರೂ ಪಡಸಾಲ್ಯಾಗ ಅಕ್ಕಿ ಆರಸಾಕತ್ತಿದ್ದಿವಿ. ಓಣಿಯೊಳಗ ಹಲಗಿ ಬಡಿಯೂ ಸಪ್ಪಳ ಬಂತು. ಟಾಂಗಾದಾಗ ಬೋರ್ಡ್ ಕಟಗೊಂಡು ಕಂಪನಿ ಆಳು ಕೂಗಾಕತ್ತಿದ್ದ: "ಬಂದಾಳ ಬಂದಾಳ, ನಿಮ್ಮ ಗಾಜಿನ ಗಿಣಿ ಮತ್ತ ಹುಬ್ಬಳ್ಳಿಗೆ ಬಂದಾಳ!"

ಅಕ್ಕ ಅಕ್ಕಿ ಮೊರ ಕೆಳಗಿಟ್ಲು. ಮಾರಿ ಹೆಂಗ ಅರಳಿತು ಅಂದ್ರ, ಜ್ವರ ಬಂದಿತ್ತು ಅಂತ ಯಾರೂ ಅಂತಿದ್ದಿಲ್ಲ. "ಮಾಲಕರು ನಾ ಎದ್ದ ಸುದ್ದಿ ಕೇಳ್ಯಾರ! ನನ್ನ ಕೇಳದ ಸಾರಿಸ್ಯಾರ ನೋಡು, ಎಷ್ಟು ನಂಬಿಗಿ!" ಅಂದ್ಲು. ಉದುರಿದ ಕೂದಲಕ್ಕ ಚವರಿ ಕಟ್ಟಿಸಿಕೊಂಡ್ಲು. ಪೆಟಿಗ್ಯಾಗಿನ ಹಸರ ಸೀರಿ ಉಟ್ಲು. ನನಗೂ ಖುಷಿ, ಅತ್ತಿ ಸುದ್ದಾ ದೃಷ್ಟಿ ತಗದ್ರು. ಕಂಪನಿ ಟಾಂಗಾ ಕರಿಯಾಕ ಬರತೈತಿ ಅಂತ ಆಕಿ ಕಟ್ಟಿ ಮ್ಯಾಲ ಕುಂತ್ಲು. ಹೊತ್ತು ಮುಣಗಿತು. ಟಾಂಗಾ ಬರಲಿಲ್ಲ. ಬೆಲ್ಲದ ಬಾಂಬು ಒಬ್ಬ ನಡಕೋತ ಬಂದ.

"ಬಾಯಾರ, ಅದು ನೀವಲ್ರಿ. ಗದಗಿನ್ಯಾಗ ಹೊಸಾ ಹುಡುಗೀನ್ನ ತಗೊಂಡ್ರು. ಆಕಿಗೆ ಇಟ್ರು ಆ ಹೆಸರು."

ಅಕ್ಕ ಮರುದಿನಾ ಮಾಲಕರ ಕಡೆ ಹ್ವಾದ್ಲು. ಅತ್ತಿ ನನ್ನೂ ಸಂಗಾಟ ಕಳಿಸಿದ್ರು, "ಆಕಿ ಕಾಲಾಗ ಇನ್ನೂ ಶಕ್ತಿ ಇಲ್ಲ" ಅಂತ. ಮಾಲಕರು ಕೆಟ್ಟವರಲ್ಲ. ಖುರ್ಚಿ ಕೊಟ್ರು, ಚಹಾ ತರಿಸಿದ್ರು, ಜ್ವರದ್ದು ಕೇಳಿದ್ರು. ಆಮ್ಯಾಲ ಅಂದ್ರು: "ನೋಡ ತಂಗೆವ್ವಾ, ಹೆಸರು ಕಂಪನೀದು. ಪೆಟಿಗ್ಯಾಗಿನ ಕಿರೀಟ ಇದ್ದಂಗ. ಅವತ್ತ ಪಾರ್ಟು ಯಾರದೋ ಅವರ ತಲೀಗೆ."

"ಆ ಹೆಸರು ಬೆಳಸಿದಾಕಿ ನಾ ಅಲ್ರೇನ್ರಿ?"

"ನೀನ ಬೆಳಸಿದಿ, ಇಲ್ಲಾ ಅನ್ನೂದಿಲ್ಲ. ಆದ್ರ ನಿನಗ ಕೊಟ್ಟಾಗ ಇದು ಯಾರದಿತ್ತು ಅಂತ ಕೇಳಿದ್ಯೇನು? ನಿನಕಿಂತ ಮದಲ ಒಬ್ಬಾಕಿ ಗಿಣಿ ಇದ್ಲು. ಲಗ್ನಾ ಆಗಿ ಹ್ವಾದ್ಲು. ಮಂದಿಗೆ ಗೊತ್ತೂ ಆಗಲಿಲ್ಲ."

ಅಕ್ಕ ಚಹಾದ ಬಸಿ ಕೆಳಗಿಟ್ಲು. ಆಕಿಗೆ ಇದು ಗೊತ್ತಿದ್ದಿಲ್ಲ. ತಾನ ಮದಲನೇದಾಕಿ ಅಂತ ತಿಳಕೊಂಡಿದ್ಲು.

"ಬಾ, ತಾಯಿ ಪಾರ್ಟು ಮಾಡು. ಹ್ಯಾಂಡ್ಬಿಲ್ಲಿನ್ಯಾಗ ಕಡೀಕ ಮತ್ತು ಇತರರು ಅಂತ ಇರತೈತಲ್ಲ, ಅದರಾಗ ನೀನೂ ಬಂದಂಗ ಆತು."

"ಬ್ಯಾಡ್ರಿ" ಅಂದು ಎದ್ಲು. ದಾರ್‍ಯಾಗ ಒಂದ ಮಾತ ಆಡಿದ್ಲು. "ರವಿವಾರ ಹೆಂಗಸರ ಆಟ ಐತಿ. ನಡುವ ಎದ್ದು ನಿಂತು ಹೇಳತೇನಿ, ಗಿಣಿ ನಾನು ಅಂತ. ಮಂದಿ ನನ್ನ ಕೈ ಬಿಡೂದಿಲ್ಲ."

ಆಗ ರವಿವಾರ ಮಧ್ಯಾಹ್ನ ಬರೇ ಹೆಂಗಸರಿಗೆ ಅಂತ ಒಂದು ಆಟ ಇರತಿತ್ತು. ಬಗಲಾಗ ಕೂಸು, ಉಡ್ಯಾಗ ಶೇಂಗಾ, ಮಂಡಪದಾಗ ಕಾಲಿಡಾಕ ಜಾಗಾ ಇರತಿದ್ದಿಲ್ಲ. ನಾವು ನಟ್ಟನಡುವ ಕುಂತಿವಿ. ಪರದೆ ಎದ್ದಿತು, ಹೊಸಾ ಹುಡುಗಿ ಬಂದ್ಲು. ಸಣ್ಣಾಕಿ, ಹದಿನಾರೋ ಹದಿನೇಳೋ. ಬಂದಾಕಿನ ಮೈ ಅಲ್ಲಾಡಿಸದ ಗೋಣಷ್ಟ ಹೊಳ್ಳಿಸಿದ್ಲು. ಥೇಟ ಅಕ್ಕಂದ! ಚಪ್ಪಾಳಿ ಅಂದ್ರ ಚಪ್ಪಾಳಿ.

ಅಕ್ಕನ ಬಾಜೂಕ ಕುಂತ ಹೆಂಗಸು ಅಕ್ಕನ ತೊಡೀ ಮ್ಯಾಲ ಕೈ ಹಾಕಿ ಅಂದ್ಲು: "ನೋಡ್ರಿ, ಪಾಪ! ಗಿಣಿಗೆ ವಿಷಮಜ್ವರ ಬಂದಿತ್ತಂತ. ಸಾಯಾಕ ಬಿದ್ದಾಕಿ ಎದ್ದು ಬಂದಾಳಂತ ನಮ್ಮ ಸಲುವಾಗಿ. ಅದಕ್ಕ ನೋಡ್ರಿ ಸೊರಗ್ಯಾಳ."

ಅಕ್ಕನ ಹೆಸರು ಹೋಗಿತ್ತು, ಗೋಣು ಹೋಗಿತ್ತು. ಈಗ ಆಕಿ ಜ್ವರಾನೂ ಹ್ವಾತು ನೋಡ್ರಿ.

ಅಕ್ಕ ಎದ್ದು ನಿಂತ್ಲು. ಬಾಯಿ ತಗದ್ಲು. ಹಿಂದಿನಿಂದ ಒಬ್ಬಾಕಿ ಒದರಿದ್ಲು, "ಏ ಯವ್ವಾ, ಕುಂಡರ! ಗಿಣಿ ಕಾಣವಲ್ಲಳು!" ಇನ್ನೊಬ್ಬಾಕಿ, "ಗಾಜಿನಾಕಿ ಆಕಿ, ನೀನಲ್ಲ! ನಿನ್ನ ಹಾಯ್ದು ಕಾಣಸೂದಿಲ್ಲ!" ಎಲ್ಲಾರೂ ನಕ್ಕರು. ಅದೇ ಹೆಂಗಸರು, ಹೋದ ವರ್ಷ ಇದೇ ಅಕ್ಕನ ಹಾಡಿಗೆ ಸೆರಗಿಲೆ ಕಣ್ಣು ಒರಸಿಕೊಂಡವರು. ಬಣ್ಣಾ ಇಲ್ಲದ ಮಾರಿ, ಚವರಿ ಕಟ್ಟಿದ ತಲಿ, ಯಾರಿಗೆ ಗುರುತು ಹತ್ತಬೇಕು? ಅಕ್ಕ ಕುಂತ್ಲು. ನನ್ನ ಕೈ ಹಿಡಕೊಂಡಿದ್ಲು, ಬಳಿ ಒತ್ತಿ ಗುರುತು ಮೂಡೂವಷ್ಟು. ಆಟ ಮುಗಿಯೂತನಕ ಕುಂತ್ಲು ಮತ್ತ. ಹೊರಗ ಬಂದ ಮ್ಯಾಲ ಅಂದದ್ದು ಇಷ್ಟ: "ಹುಡುಗಿ ಚಲೋ ಮಾಡತೈತಿ. ಆಕೀದೇನೂ ತಪ್ಪಿಲ್ಲ."

ಮುಂದ ಧಾರವಾಡಕ್ಕ ಮೊಕ್ಕಾಂ ಬಂದ ಇನ್ನೊಂದು ಕಂಪನಿ ಮ್ಯಾನೇಜರ ಆಕೀನ್ನ ಹುಡಿಕ್ಕೊಂಡು ಬಂದ. ದನಿ ಕೇಳಿದಾಂವ, ನಾಯಕಿ ಪಾರ್ಟು ಕೊಡತೇನಿ ಅಂದ. ಆದ್ರ ಬೋರ್ಡಿಗೆ ಒಂದ ಭಾರೀ ಹೆಸರು ಬೇಕು. "ಹಿತ್ತಾಳಿ ಹಂಸ ಅಂತ ಇಡೂನೇನ್ರಿ? ಇಲ್ಲಾ, ಬಿಸಲಗುದರಿ?"

"ಕೊಟ್ಟ ಹೆಸರು ಬ್ಯಾಡ್ರಿ. ಕೊಟ್ಟವರು ಕಸಗೋತಾರ" ಅಂದ್ಲು ಅಕ್ಕ. "ನಮ್ಮವ್ವ ಇಟ್ಟದ್ದ ಹಾಕ್ರಿ. ನಾ ಊರಿಗೆ ಹೋಗಿ ಆಣಿ ಬಿಡಿಸಿಕೊಂಡು ಬರತೇನಿ."

ಆ ಊರು ಅಮ್ಮಿನಬಾವಿ ದಾಟಿ ಒಳಗ. ಬಸ್ಸಿಳದು ಎರಿ ಹೊಲದಾಗ ನಡೀಬೇಕು. ಈ ಸಲಾನೂ ಅತ್ತಿ ನನ್ನ ಕಳಿಸಿದ್ರು. ದಾರಿ ತುಂಬ ಅಕ್ಕ ಆ ಹೆಸರು ತನಗ ತಾನ ಅಂದುಕೋತ ನಡದ್ಲು, ಪಾರ್ಟು ಬಾಯಿಪಾಠ ಮಾಡಿದಂಗ. ಅವತ್ತ ನನಗೂ ಅದು ಗೊತ್ತಾತು. ಎಷ್ಟ ಸಾದಾ ಹೆಸರು! ಓಣಿಗೆ ಒಂದು ಇರತೈತಿ ಅಂಥಾದ್ದು. ಆಕಿ ಬಾಯಾಗ ಮಾತ್ರ ಅದು ಹೊಸಾ ಕೊಡದಂಗ ಕೇಳಸ್ತು.

ಅವರಣ್ಣ ಪಡಸಾಲ್ಯಾಗ ಕುಂತಿದ್ದ. ಎದ್ದೇಳಲಿಲ್ಲ, ಹೋಗ ಅಂತನೂ ಅನ್ನಲಿಲ್ಲ. ಅಕ್ಕನ ಅತ್ತಿಗಿ ನೀರು ಬೆಲ್ಲಾ ಕೊಟ್ಲು. ಅಕ್ಕ ಬಂದ ಕೆಲಸ ಹೇಳಿದ್ಲು. ಅಣ್ಣ ಉತ್ತರಾ ಕೊಡೂಕಿಂತ ಮದಲ ಒಳಗಿಂದ ಮುದುಕಿ ದನಿ ಬಂತು, ಆ ಹೆಸರು ಹಿಡದು: "ಎಲ್ಲಿದ್ದೀ? ಬಾ ಇಲ್ಲೆ!"

"ಬಂದೆ ಯವ್ವಾ!" ಅಂತ ಅಕ್ಕ ಎದ್ಲು. ಎಷ್ಟ ಲಗೂನ ಎದ್ಲು ಅಂದ್ರ ಬೆಲ್ಲದ ಬಟ್ಟಲಾ ಉಳ್ಳಿ ಬಿತ್ತು. ಅಷ್ಟರಾಗ ದನದ ಕೊಟಗಿ ಕಡಿಂದ ನಾಕೈದು ವರ್ಷದ ಹುಡುಗಿ, ಎರಡು ಜಡಿ ಹಾಕ್ಕೊಂಡಾಕಿ, "ಬಂದೆ ಆಯೀ!" ಅಂತ ಅಕ್ಕನ ಬಾಜೂಲೆ ಓಡಿ ಒಳಗ ಹ್ವಾತು.

ಅಕ್ಕ ನಿಂತಲ್ಲೇ ನಿಂತ್ಲು. ನಮ್ಮ ಕಡೆ ಸತ್ತವರ ಹೆಸರು ಮೊಮ್ಮಕ್ಕಳಿಗೆ ಇಡೂದು ರೂಢಿ. ಬದುಕಿದ್ದವರದು ಇಡೂದಿಲ್ಲ. ಅತ್ತಿಗಿ ಸೆರಗ ಬಾಯಾಗ ಇಟಗೊಂಡ್ಲು. ಅಣ್ಣ ಕೆಳಗ ನೋಡಿದ.

ಅಕ್ಕ ಒಳಗ ಹ್ವಾದ್ಲು, ನಾನೂ ಬೆನ್ನ ಹಿಂದ. ಅವ್ವಗ ಕಣ್ಣು ಮಬ್ಬಾಗಿದ್ವು. ಕೈ ಮುಟ್ಟಿ ಗುರುತ ಹಿಡದ್ಲು. ಬಾಳ ಹೊತ್ತು ಅತ್ಲು. ಆಮ್ಯಾಲ ಹೇಳಿದ್ಲು: "ನಾನ ಇಡಿಸಿದೆ ಯವ್ವಾ, ಅವರದೇನಿಲ್ಲ. ನಿನ್ನ ಕರದು ಕರದು ಬಾಯಿಗೆ ರೂಢಿ ಆಗಿತ್ತು. ನೀ ಹ್ವಾದ ಮ್ಯಾಲೂ ಒಲಿ ಮುಂದ ಕುಂತು ಕರೀತಿದ್ದೆ. ಓ ಅನ್ನಾಕ ಮನ್ಯಾಗ ಒಂದ ಜೀವ ಬೇಕಾಗಿತ್ತು." ಅಕ್ಕನ ಕೈ ತಗೊಂಡು ತನ್ನ ತಲೀ ಮ್ಯಾಲ ಇಟಗೊಂಡ್ಲು, ತಾನ ಇಳಿಸಿದ್ಲು. "ಆಣಿ ಬಿಟ್ಟೆ. ಹೆಸರು ನಿಂದ. ತಗೊಂಡ ಹೋಗು."

ಬಾಗಲದಾಗ ನಿಂತ ಅಣ್ಣ ಅಂದ, ಬೈಯಾಕಲ್ಲ, ಬೇಡಿಕೊಂಡಂಗ: "ತಗೋ. ನಾ ಅಡ್ಡ ಬರೂದಿಲ್ಲ. ಆದ್ರ ಅದೇ ಹೆಸರು, ಅದೇ ಅಡ್ಡಹೆಸರು. ಧಾರವಾಡದ ಬೋರ್ಡಿನ ಮ್ಯಾಲ ಬಂದ್ರ ನಾಳೆ ಈ ಕೂಸಿನ್ನ ಯಾರ ಮಾಡಿಕೋತಾರ, ನೀನ ಹೇಳು."

ಅಡ್ಡಹೆಸರು ಬಿಟ್ಟು ಬರೇ ಹೆಸರು ಹಾಕಿದ್ರ ಅಂತ ನಾ ಅನ್ನಾಕ ಹೋದೆ. ಊರಾಗ ಎಲ್ಲಾರಿಗೂ ಗೊತ್ತಾಗೂದ ಅಂತ ಅತ್ತಿಗಿ ಗೋಣು ಅಲ್ಲಾಡಿಸಿದ್ಲು. ಅಕ್ಕ ಹುಡುಗೀನ್ನ ಹತ್ರ ಕರದು ತೊಡೀ ಮ್ಯಾಲ ಕುಂದರಿಸಿಕೊಂಡ್ಲು. "ನಿನ್ನ ಹೆಸರು ಹೇಳು" ಅಂದ್ಲು. ಹುಡುಗಿ ಜೋರಿಲೆ ಹೇಳ್ತು. "ಇನ್ನೊಮ್ಮೆ." ಮತ್ತ ಹೇಳ್ತು. "ಚಲೋ ಐತಿ, ಇಟಗೋ" ಅಂದ್ಲು. ಅವ್ವನ ಪಾದಾ ಮುಟ್ಟಿ ಹೊರಗ ಬಂದ್ಲು. ಆ ಹುಡುಗಿ ಈಗ ಎಲ್ಲೋ ಸೊಸ್ತೇರನ್ನ ಕಂಡಾಕಿ. ಅದಕ್ಕ ನಾ ಇಲ್ಲೆ ಆ ಹೆಸರು ಬರದಿಲ್ಲ.

ಧಾರವಾಡಕ್ಕ ಬಂದ್ರ ಮ್ಯಾನೇಜರ ಕಾಯಾಕತ್ತಿದ್ದ. "ಛಾಪಖಾನಿಗೆ ಕೊಡಬೇಕ್ರಿ. ಏನ್ ಹಾಕೂನು?"

"ಏನೂ ಹಾಕಬ್ಯಾಡ್ರಿ. ಜಾಗಾ ಬಿಡ್ರಿ."

"ಹೊಲಾ ಐತೇನ್ರಿ, ಬೀಳು ಬಿಡಾಕ?"

"ನಿಮಗ ಹೆಸರ ಬೇಕಂದ್ರ ಹೆಸರನ್ನ ಕುಣಸ್ರಿ. ನಾ ಬೇಕಂದ್ರ ಜಾಗಾ ಬಿಡ್ರಿ."

ಅಂವ ತಲಿ ಕೆರಕೊಂಡ. ಇದನ್ನ ನೋಡಾಕರ ನಾಕ ಮಂದಿ ಬರತಾರ ಅಂತ ಒಪ್ಪಿದ. ಹಂಗ ಛಾಪಿಸಿದ್ರು, ನಾಯಕಿ ಪಾತ್ರದ ಮುಂದ ಬರೇ ಬಿಳೀ ಜಾಗಾ.

ಮದಲನೇ ಆಟಕ್ಕ ನಾ ಪರದೆ ಬಾಜೂಕ ಆಕಿ ಸಂಗಾಟ ನಿಂತಿದ್ದೆ, ಮೆಣಸಿನ ಕಷಾಯದ ತಂಬಿಗಿ ಹಿಡಕೊಂಡು. ಮ್ಯಾನೇಜರ ಪರದೆ ಮುಂದ ಹೋಗಿ ಯಾರ್‍ಯಾರದು ಯಾವ ಪಾರ್ಟು ಅಂತ ಹೇಳಿದ. ನಾಯಕಿ ಅಂತ ಅಂದು ಬಾಯಿ ಮುಚ್ಚಿದ. ಆಮ್ಯಾಲ ಗಂಡಸರ ಕಡಿಂದ, "ಹೆಸರ ನುಂಗಿದ್ಯೇನಪಾ?" "ಮರತೇನ್ರಿ? ಮನಿಗೆ ಹೋಗಿ ನೋಡಿಕೊಂಡ ಬರ್ರಿ!" "ಹೆಸರು! ಹೆಸರು!" ಗದ್ದಲ ಸುರು ಆತು. ಅಕ್ಕ ಸೆರಗ ಸಿಗಿಸಿಕೊಂಡ್ಲು. ಪರದೆ ಎದ್ದಿತು. ಹ್ವಾದ್ಲು. ಗೋಣು ಹೊಳ್ಳಿಸಲಿಲ್ಲ. ಅದನ್ನ ಆ ಹುಡುಗಿಗೆ ಬಿಟ್ಟು ಬಂದಿದ್ಲು. ಸುಮ್ಮನ ನಡಕೋತ ಹೋಗಿ ನಿಂತ್ಲು, ಹಾಡಿದ್ಲು. ಮದಲ ಅಂಕ ಪೂರಾ ಹಿಂದಿನ ಸಾಲಿನವರು ಗುಜುಗುಜು ನಿಂದರಿಸಲಿಲ್ಲ. ಒಂದಿಷ್ಟು ಮಂದಿ ಎದ್ದೂ ಹ್ವಾದ್ರು.

ಎರಡನೇ ಅಂಕದಾಗ ಆಕಿ ಬರೂದು ತಡಾ ಇತ್ತು. ಬೆಲ್ಲದ ಬಾಂಬಿನಂಥಾ ಒಬ್ಬ ಅಲ್ಲೂ ಇದ್ದ, ಅಂವ ನಗಿಸಾಕತ್ತಿದ್ದ. ಮಂದಿ ನಗವಲ್ಲರು, ಆಕಿ ಬರೂ ಬಾಜೂಕ ನೋಡಾಕತ್ತಾರ. ಅಕ್ಕ ಹೆಜ್ಜಿ ಇಟ್ಟದ್ದ ತಡಾ, ಎಲ್ಲೋ ನಡುವಿನ ಸಾಲಿನ್ಯಾಗ ಯಾರೋ ಸಣ್ಣಗ "ಬಂದ್ಲು" ಅಂದ್ರು. ಬಾಜೂಕಿನವರು "ಬಂದ್ಲು" ಅಂದ್ರು. ಸಾಲಿನಿಂದ ಸಾಲಿಗೆ ಆ ಮಾತು ಹೆಂಗಸರ ಕಡೀತನಕ ಹ್ವಾತು. ಆಮ್ಯಾಲ ಒಂದ ಕೆಮ್ಮೂ ಇಲ್ಲ.

ಅಂಕ ಮುಗಿಸಿ ಬಂದ್ಲು. ಬೆವತಿದ್ಲು, ಬಣ್ಣ ಕುತ್ತಿಗೀತನಕ ಇಳದಿತ್ತು. ಕಷಾಯ ಕುಡಕೋತ ಕೇಳಿದ್ಲು, "ನಾ ಹ್ವಾದಾಗ ಮಂದಿ ಏನೋ ಅಂದ್ರಲ್ಲ ತಂಗಿ, ಏನಂದ್ರು?"

"ಬಂದ್ಲು ಅಂದ್ರು ಅಕ್ಕಾ."

ಆಕಿ ಹೊಳ್ಳಿ ಬಾಗಲ ಕಡೆ ನೋಡಿದ್ಲು, ಮತ್ತ ಇನ್ನೊಬ್ಬಾಕಿ ಬಂದ್ಲೇನೋ ಅನ್ನೂವರಂಗ, ಮಾರಿ ಸಪ್ಪಗಾತು. "ಯಾರು?" ಅಂದ್ಲು.

"ನೀನ" ಅಂದೆ. "ನೀನ ಅಕ್ಕಾ."